ನಿಂತಲ್ಲೇ ನಡೆಸುವ ಯಂತ್ರ ಕಲಿಸುವ ಲೆಕ್ಕ

ಕಣ್ಣಿಗೆ ಸಾಧನವೊಂದನ್ನು ಧರಿಸಿ, ಕಂಪ್ಯೂಟರ್ ಸೃಷ್ಟಿಸಿದ ಲೋಕವನ್ನು ಪ್ರವೇಶಿಸುವ ವರ್ಚುವಲ್ ರಿಯಾಲಿಟಿ ತಂತ್ರಜ್ಞಾನವು ಇಂದು ಆಟಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಕಾರ್ಮಿಕರ ತರಬೇತಿಗೂ ಕಟ್ಟಡ ವಿನ್ಯಾಸಕ್ಕೂ ಬಳಕೆಯಾಗುತ್ತಿದೆ. ಆದರೆ ಅದರಲ್ಲೊಂದು ಮೂಲಭೂತ ತೊಡಕಿದೆ. ಕಾಣುವ ಲೋಕ ವಿಶಾಲವಾದರೂ ನಿಂತಿರುವ ಕೋಣೆ ಚಿಕ್ಕದು. ನಾಲ್ಕು ಹೆಜ್ಜೆ ನಡೆದರೆ ಗೋಡೆ ತಾಗುತ್ತದೆ. ಗುಂಡಿಯೊತ್ತಿ ಮುಂದೆ ಸಾಗಿದರೆ, ಕಣ್ಣು ಕಂಡ ಚಲನೆಯನ್ನು ದೇಹವು ಅನುಭವಿಸದ ಕಾರಣ ಹಲವರಿಗೆ ತಲೆಸುತ್ತು ಬರುತ್ತದೆ.

ಇದಕ್ಕೆ ಅಮೆರಿಕದ ಟೆಕ್ಸಾಸ್‌ನ ವರ್ಚುಯಿಕ್ಸ್ ಕಂಪನಿ ಕಂಡುಕೊಂಡ ಉತ್ತರವೇ 'ಓಮ್ನಿ'. ಬಳಸುವವನು ಬಟ್ಟಲಿನಂತೆ ತಗ್ಗಾದ ನುಣುಪು ವೇದಿಕೆಯ ಮೇಲೆ ಜಾರುವ ಅಡಿಯ ಪಾದರಕ್ಷೆ ತೊಟ್ಟು ನಡೆಯುತ್ತಾನೆ. ಸೊಂಟದ ಪಟ್ಟಿ ಅವನನ್ನು ಬೀಳದಂತೆ ಹಿಡಿದಿರುತ್ತದೆ. ಪಾದರಕ್ಷೆಗೆ ಅಳವಡಿಸಿದ ಸಂವೇದಕಗಳು ಹೆಜ್ಜೆಯ ವೇಗವನ್ನು ಅಳೆದು ಕಂಪ್ಯೂಟರಿಗೆ ತಿಳಿಸುತ್ತವೆ. ಮನುಷ್ಯ ನಿಂತಲ್ಲೇ ಇರುತ್ತಾನೆ, ಆದರೆ ಆ ಲೋಕದಲ್ಲಿ ಮುಂದೆ ಸಾಗುತ್ತಾನೆ.

2013ರಲ್ಲಿ ಈ ಕಂಪನಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ 1.5 ಲಕ್ಷ ಡಾಲರ್ ಕೋರಿತು. ಬಂದದ್ದು 11 ಲಕ್ಷ ಡಾಲರಿಗೂ ಅಧಿಕ. ಆದರೆ 2016ರ ಡಿಸೆಂಬರಿನಲ್ಲಿ ಅಮೆರಿಕದ ಹೊರಗಿನ ಬೇಡಿಕೆಗಳನ್ನೆಲ್ಲ ರದ್ದುಪಡಿಸಿ, ಹಣವನ್ನು ಬಡ್ಡಿ ಸಹಿತ ಹಿಂತಿರುಗಿಸುವುದಾಗಿ ಪ್ರಕಟಿಸಿತು. ಭಾರವಾದ ಯಂತ್ರದ ಸಾಗಾಣಿಕೆ, ಒಂದೊಂದು ದೇಶದ ಒಂದೊಂದು ನಿಯಮ, ಬಿಡಿಭಾಗಗಳ ಪೂರೈಕೆ ಇವೆಲ್ಲ ಅದಕ್ಕೆ ಹೊರೆಯಾಗಿದ್ದವು. ಮುಂದೆ ಕಂಪನಿಯು ಮನರಂಜನಾ ಕೇಂದ್ರಗಳತ್ತ ಗಮನ ಹರಿಸಿತು.

ಇಲ್ಲಿ ಸೋತದ್ದು ತಂತ್ರಜ್ಞಾನವಲ್ಲ, ವೆಚ್ಚದ ಅಂದಾಜು ಎಂಬುದು ನನ್ನ ಅಭಿಪ್ರಾಯ. ನಮ್ಮ ಸಣ್ಣ ಉದ್ಯಮಿಗಳೂ ಬೆಲೆ ನಿಗದಿಪಡಿಸುವಾಗ ಕಚ್ಚಾ ಸಾಮಗ್ರಿ, ಕೂಲಿ, ವಿದ್ಯುತ್ತನ್ನು ಲೆಕ್ಕ ಹಾಕಿ, ಲಾಭಾಂಶ ಸೇರಿಸಿ ಅಲ್ಲಿಗೇ ನಿಲ್ಲಿಸುವುದುಂಟು. ಸರಕು ಕಾರ್ಖಾನೆಯ ಬಾಗಿಲು ದಾಟಿದ ನಂತರದ ಖರ್ಚು ಲೆಕ್ಕದಿಂದ ಜಾರಿಹೋಗುತ್ತದೆ. ಗ್ರಾಹಕನ ಬಾಗಿಲಿಗೆ ತಲುಪಿಸಿ, ಖಾತರಿ ಅವಧಿ ಮುಗಿಯುವವರೆಗೆ ದುರಸ್ತಿ ಮಾಡಿಕೊಡುವ ವೆಚ್ಚವೂ ಬೆಲೆಯ ಭಾಗವೇ.

ಎರಡನೆಯ ಮಾತು ಮುಂಗಡದ ಕುರಿತು. ಸರಕು ತಲುಪುವ ಮುನ್ನ ಬಂದ ಹಣ ಆದಾಯವಲ್ಲ. ಅಢಾವೆ ಪತ್ರಿಕೆಯಲ್ಲಿ ಅದರ ಸ್ಥಾನ ಜವಾಬ್ದಾರಿಗಳ ಬದಿಯಲ್ಲಿದೆ. ಮುಂಗಡವನ್ನು ಬಡ್ಡಿ ಸಹಿತ ಮರಳಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಹೊಸ ಉತ್ಪನ್ನಕ್ಕೆ ದೂರದ ಊರಿನ ಬೇಡಿಕೆ ಸ್ವೀಕರಿಸುವ ಮುನ್ನವೇ ಈ ಲೆಕ್ಕ ಮುಗಿದಿರಬೇಕು.