ಹೆಸರಿಲ್ಲದ ಸವಲತ್ತು

‘ಸವಲತ್ತು’ ಎಂಬ ಮಾತನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ ಎಂದು ಸ್ವಲ್ಪ ಗಮನಿಸಬೇಕು. ಹಾಸ್ಟೆಲ್ ಸೀಟು ಸವಲತ್ತು, ವಿದ್ಯಾರ್ಥಿವೇತನ ಸವಲತ್ತು, ಮೀಸಲಾತಿ ಸವಲತ್ತು, ಗಂಗಾ ಕಲ್ಯಾಣದ ಕೊಳವೆಬಾವಿ ಸವಲತ್ತು. ತಾತನ ಕಾಲದಿಂದ ಪಹಣಿಯಲ್ಲಿ ಹೆಸರಿರುವುದು, ಊರ ನಡುವೆ ಮನೆಯಿರುವುದು, ಗುಡಿಯ ಹೊಸ್ತಿಲು ದಾಟುವಾಗ ಯಾರೂ ತಡೆಯದಿರುವುದು, ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ’ ಎಂಬ ಪ್ರಶ್ನೆಗೆ ಅಂಜದೆ ಉತ್ತರ ಕೊಡುವುದು, ಇವನ್ನು ಮಾತ್ರ ಯಾರೂ ಸವಲತ್ತು ಎನ್ನುವುದಿಲ್ಲ. ಸರ್ಕಾರ ಕೊಟ್ಟದ್ದಕ್ಕೆ ಲೆಕ್ಕವಿದೆ, ಹುಟ್ಟು ಕೊಟ್ಟದ್ದಕ್ಕೆ ಹೆಸರೇ ಇಲ್ಲ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಶೇ 30ರಷ್ಟು ಮಂದಿ ಪರಿಶಿಷ್ಟ ಜಾತಿಯವರು. ರಾಜ್ಯದ ಸರಾಸರಿ ಶೇ 17. ಇಂಥ ಜಿಲ್ಲೆಯಲ್ಲಿ ಸಮಾನತೆಯ ಮಾತು ಆಡಬೇಕಾದರೆ, ಮೊದಲು ಈ ಹೆಸರಿಲ್ಲದ ಸವಲತ್ತಿಗೆ ಹೆಸರಿಡಬೇಕು.

ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಭೂತಮ್ಮನ ಜಾತ್ರೆ ನಡೆಯುವಾಗ ದಲಿತ ಬಾಲಕನೊಬ್ಬ ದೇವರ ಗುಜ್ಜುಕೋಲು ಮುಟ್ಟಿದ. ಅದಕ್ಕೆ ಊರಿನ ಹಿರಿಯರು ಅವನ ಮನೆಯವರಿಗೆ ಹಾಕಿದ ದಂಡ 60 ಸಾವಿರ ರೂಪಾಯಿ. ದುಡಿದು ತಿನ್ನುವ ಕುಟುಂಬಕ್ಕೆ ಅದು ಹಲವು ತಿಂಗಳ ಸಂಪಾದನೆ. ಆ ಮನೆಯವರು ಗೋಡೆಯ ಮೇಲಿದ್ದ ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಅವರ ಪಟ ಹಾಕಿದರು. ಮರುವರ್ಷ ಡಿಸೆಂಬರ್‌ನಲ್ಲಿ ಅದೇ ತಾಲ್ಲೂಕಿನ ಯಲವಹಳ್ಳಿಯ ವಸತಿ ಶಾಲೆಯಲ್ಲಿ ಮಲದ ಗುಂಡಿ ಸ್ವಚ್ಛ ಮಾಡಲು ಮಕ್ಕಳನ್ನು ಇಳಿಸಿದ ಸುದ್ದಿ ಬಂತು. ಇಳಿದವರು ದಲಿತ ಮಕ್ಕಳು. ಈ ಎರಡು ಘಟನೆಗಳನ್ನು ದೌರ್ಜನ್ಯ ಎಂದು ಕರೆದು ಮರುಗುವುದು ಸುಲಭ. ಅವುಗಳ ಇನ್ನೊಂದು ಮಗ್ಗುಲನ್ನು ನಾವು ನೋಡುವುದೇ ಇಲ್ಲ. ಅದೇ ಜಾತ್ರೆಯಲ್ಲಿ ಆ ಕೋಲನ್ನು ಹೆಗಲ ಮೇಲೆ ಹೊತ್ತು ನಡೆದವರಿಗೆ ಯಾರೂ ದಂಡ ಹಾಕಲಿಲ್ಲ. ಎಷ್ಟೋ ಮಕ್ಕಳಿಗೆ ಶಾಲೆಯೆಂದರೆ ಪಾಠ, ಆಟ, ಊಟ ಅಷ್ಟೆ. ಗುಂಡಿಗೆ ಇಳಿಯುವ ಸರದಿ ತಮಗೂ ಬಂದೀತೆಂಬ ಭಯ ಅವರಿಗೆ ಎಂದೂ ಬಾರದು. ಆ ನೆಮ್ಮದಿಯೇ ಹುಟ್ಟಿನ ಸವಲತ್ತು.

ಅಮೆರಿಕದ ಬಿಳಿಯರಿಗೂ ಕಪ್ಪು ಜನರಿಗೂ ನಡುವಿನ ಕಂದಕ ನಮಗೆ ದೂರದಿಂದಲೇ ಚೆನ್ನಾಗಿ ಕಾಣುತ್ತದೆ. 2020ರ ಮೇ 25ರಂದು ಪೊಲೀಸನೊಬ್ಬನ ಮೊಣಕಾಲ ಕೆಳಗೆ ಜಾರ್ಜ್ ಫ್ಲಾಯ್ಡ್ ಪ್ರಾಣ ಬಿಟ್ಟಾಗ ಇಲ್ಲಿಯೂ ಅನೇಕರು ಮರುಗಿದರು. ಆ ದೇಶದಿಂದ ನಾವು ಕಲಿಯಬೇಕಾದದ್ದು ಹಿಂಸೆಯ ಕಥೆಗಿಂತ ಆಸ್ತಿಯ ಲೆಕ್ಕವನ್ನು. 1930ರ ದಶಕದಲ್ಲಿ ಅಲ್ಲಿ ಕಪ್ಪು ಜನರ ಬಡಾವಣೆಗಳನ್ನು ನಕಾಶೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿ, ಅಲ್ಲಿ ಮನೆ ಸಾಲ ಕೊಡುವುದು ಅಪಾಯವೆಂದು ಹಣೆಪಟ್ಟಿ ಹಚ್ಚಿದರು. ಬಿಳಿಯರ ಮನೆಗಳ ಬೆಲೆ ತಲೆಮಾರಿನಿಂದ ತಲೆಮಾರಿಗೆ ಬೆಳೆಯಿತು. 2022ರ ಹೊತ್ತಿಗೂ ಮಧ್ಯಮ ಮಟ್ಟದ ಬಿಳಿಯ ಕುಟುಂಬದ ಆಸ್ತಿ ಅಂಥದೇ ಕಪ್ಪು ಕುಟುಂಬದ ಆಸ್ತಿಯ ಆರು ಪಟ್ಟು ಇತ್ತು. ಈ ಲೆಕ್ಕವನ್ನು ನಮ್ಮ ಜಿಲ್ಲೆಗೆ ತಂದು ನೋಡಿ. ಬೆಂಗಳೂರು ಬೆಳೆದಂತೆ ಮಾಲೂರು, ನರಸಾಪುರ, ವೇಮಗಲ್ ಸುತ್ತ ನೆಲದ ಬೆಲೆ ಏರಿತು. ಆ ಏರಿಕೆ ಯಾರ ಮನೆ ಸೇರಿತು? ಮೊದಲೇ ನೆಲವಿದ್ದವರ ಮನೆ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಪಿತ್ರಾರ್ಜಿತವಾಗಿ ಬಂದವರಿಗೂ, ಅದೇ ತೋಪಿನಲ್ಲಿ ಕಾಯಿ ಕೀಳಲು ಕೂಲಿಗೆ ಹೋಗುವವರಿಗೂ ಇರುವ ಅಂತರ ಬರೀ ದುಡಿಮೆಯಿಂದ ಹುಟ್ಟಿದ್ದಲ್ಲ. ದಲಿತರಿಗೆ ಮಂಜೂರಾದ ಭೂಮಿಯೂ ಪರರ ಪಾಲಾಗುತ್ತಿತ್ತು. ಅದನ್ನು ತಡೆಯಲೆಂದೇ ರಾಜ್ಯ 1978ರಲ್ಲಿ ಕಾಯ್ದೆ ತರಬೇಕಾಯಿತು.

ಬಣ್ಣ ಬೇರೆ, ಜಾತಿ ಬೇರೆ ಎಂಬ ಆಕ್ಷೇಪಣೆ ಸರಿಯಾದದ್ದೇ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅಂಬೇಡ್ಕರ್ ಅವರೇ ಜಾತಿಯ ಮೂಲವನ್ನು ಜನಾಂಗಭೇದದಲ್ಲಿ ಹುಡುಕುವುದನ್ನು ಒಪ್ಪಲಿಲ್ಲ. ಆದರೆ ಅವರೇ 1946ರಲ್ಲಿ ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಎರಡೂ ಸಮುದಾಯಗಳ ಸ್ಥಿತಿಯಲ್ಲಿರುವ ಸಾಮ್ಯವನ್ನು ಎತ್ತಿ ತೋರಿಸಿದರು. ಹುಟ್ಟಿನ ಕಾರಣ ಬೇರೆಯಾದರೂ ಹೊರಿಸಿದ ಭಾರ ಒಂದೇ ಬಗೆಯದು. ಚರ್ಮದ ಬಣ್ಣ ಕಣ್ಣಿಗೆ ಬೀಳುತ್ತದೆ, ಜಾತಿಯನ್ನು ಕೇಳಿ ತಿಳಿಯಬೇಕು. ಆದ್ದರಿಂದಲೇ ನಮ್ಮಲ್ಲಿ ಆ ಕೇಳುವಿಕೆ ನಿಲ್ಲುವುದಿಲ್ಲ.

ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಮೂರೂ ಮೀಸಲು, ಲೋಕಸಭಾ ಕ್ಷೇತ್ರವೂ ಮೀಸಲು, ಇನ್ನೇನು ಬೇಕು ಎನ್ನುವವರಿದ್ದಾರೆ. ಆ ಸ್ಥಾನಗಳು ಹೋರಾಡಿ ಪಡೆದವು, ಅವುಗಳ ಬೆಲೆ ದೊಡ್ಡದು. ಆದರೂ ವಿಧಾನಸೌಧದಲ್ಲಿ ಸಿಕ್ಕ ಕುರ್ಚಿ ಊರಿನ ಕಟ್ಟೆಯ ಮೇಲೆ ತಾನಾಗಿ ಜಾಗ ಕೊಡಿಸುವುದಿಲ್ಲ. ಒಬಾಮ ಅಧ್ಯಕ್ಷರಾಗಿ ಎಂಟು ವರ್ಷ ಆಳಿದ ದೇಶದಲ್ಲೇ ಫ್ಲಾಯ್ಡ್ ಸತ್ತದ್ದು. ಮೇಲ್ಜಾತಿಗಳಲ್ಲೂ ಬಡವರಿಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಇದ್ದಾರೆ, ಅವರ ಬಡತನಕ್ಕೂ ಪರಿಹಾರ ಸಿಗಬೇಕು. ಆದರೆ ಬಡತನ ಹೊಟ್ಟೆಗೆ ಬರೆ ಹಾಕುತ್ತದೆಯೇ ಹೊರತು ದೇವರ ಕೋಲು ಮುಟ್ಟಬೇಡ ಎನ್ನುವುದಿಲ್ಲ. ಕಾನೂನು ಇದೆಯಲ್ಲ ಎಂಬುದು ಮೂರನೆಯ ಮಾತು. ಕೋಲಾರ ಜಿಲ್ಲೆ ಇನ್ನೂ ಒಂದಾಗಿದ್ದಾಗ, 2000ದ ಮಾರ್ಚ್ 11ರಂದು, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೂಲಿ, ನೀರು, ದಾರಿ ಎಲ್ಲಕ್ಕೂ ಬಲಾಢ್ಯರನ್ನೇ ನೆಚ್ಚಬೇಕಾದ ಕಡೆ ಬಡವನ ಸಾಕ್ಷಿ ನ್ಯಾಯಾಲಯದವರೆಗೆ ಗಟ್ಟಿಯಾಗಿ ಉಳಿಯುವುದು ಕಷ್ಟ.

ಹಾಗಾದರೆ ಹುಟ್ಟಿನ ಸವಲತ್ತು ಉಳ್ಳವರು ಮಾಡಬೇಕಾದದ್ದೇನು? ತಪ್ಪಿತಸ್ಥ ಭಾವದಿಂದ ಕುಗ್ಗುವುದು ಬೇಕಿಲ್ಲ. ತಮ್ಮದೆಂಬ ಅನುಕೂಲವನ್ನು ಒಪ್ಪಿಕೊಂಡು, ಅದನ್ನು ಕೆಲಸಕ್ಕೆ ಹಚ್ಚಿದರೆ ಸಾಕು. ಕೋಲಾರದಲ್ಲಿ ಬಾಡಿಗೆಗೆ ಮನೆ ಕೊಡುವವರು ಜಾತಿ ಕೇಳುವುದನ್ನು ಬಿಡಬಹುದು. ಜಾತ್ರೆಯ ಸಮಿತಿಯಲ್ಲಿ ಕೂರುವವರು ಉತ್ಸವದ ಕೋಲು, ಪಲ್ಲಕ್ಕಿ ಎಲ್ಲರ ಹೆಗಲಿಗೂ ಸೇರಿದ್ದೆಂದು ಹಬ್ಬಕ್ಕೆ ಮುಂಚೆಯೇ ತೀರ್ಮಾನಿಸಬಹುದು. ದಂಡ ಹಾಕುವ ಪಂಚಾಯಿತಿ ಸೇರಿದ ದಿನ ‘ಇದು ತಪ್ಪು’ ಎಂಬ ಮಾತು ದಂಡ ತೆರುವವನ ಬಾಯಿಂದ ಬಂದರೆ ಅವನಿಗೆ ಬಹಿಷ್ಕಾರದ ಭಯ. ಕಟ್ಟೆಯ ಮೇಲೆ ಕೂತವರ ಬಾಯಿಂದ ಬಂದರೆ ಪಂಚಾಯಿತಿ ಅಲ್ಲಿಗೇ ಮುಗಿಯುತ್ತದೆ. ಆ ಮಾತನ್ನು ಭಯವಿಲ್ಲದೆ ಆಡಬಲ್ಲ ಬಲವೂ ಒಂದು ಸವಲತ್ತೇ. ಅದನ್ನು ಬಳಸದೆ ಸುಮ್ಮನೆ ಕೂತವರೂ ದಂಡ ಹಾಕಿದವರ ಜೊತೆಗೇ ಕೂತಂತೆ.