ಎರಡು ಕೈಗಳ ಅಳತೆ



ಈ ಸಲ ಅಡುಗೆಮನೆ ಬಿಟ್ಟು ಒಂದು ನಾಯಿಯ ಮಾತಾಡೋಣ. ನಗಬೇಡಿ. ಬೆಂಗಳೂರಿನಲ್ಲಿರುವ ನನ್ನ ಮೈದುನ ಕೆಲಸದ ಮೇಲೆ ಮೂರು ತಿಂಗಳು ಹೊರದೇಶಕ್ಕೆ ಹೋಗುವಾಗ ತನ್ನ ಜಾಕ್ ರಸೆಲ್ ಟೆರಿಯರ್ ನಾಯಿಯನ್ನು ನಮ್ಮಲ್ಲಿ ಬಿಟ್ಟುಹೋದ. ಹೆಸರು ಪಿಂಟು. ಮೊಣಕಾಲೆತ್ತರವೂ ಇಲ್ಲ. ಬಿಳಿ ಮೈ, ಕಿವಿಯ ಮೇಲೆ ಕಂದು ಮಚ್ಚೆ. "ಅಯ್ಯೋ ಪಾಪ, ಎಷ್ಟು ಬಡಕಲು! ಊಟ ಹಾಕ್ತಾರೋ ಇಲ್ವೋ" ಎಂದು ನನ್ನ ಕರುಳು ಚುರ್ ಎಂದಿತು. ತುಪ್ಪದ ಅನ್ನ, ಮಿಕ್ಕ ದೋಸೆ, ನಡುನಡುವೆ ಬಿಸ್ಕತ್ತು. ನಾನು ಹಾಕಿದ್ದೇ ಹಾಕಿದ್ದು.

ಮೈದುನ ಹಿಂದಿರುಗಿದವನೇ ಪಿಂಟುವಿನ ಮುಂಗಾಲುಗಳ ಹಿಂದೆ ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದ. ಹೆಬ್ಬೆರಳುಗಳು ಬೆನ್ನ ಮೇಲೆ, ಉಳಿದ ಬೆರಳುಗಳು ಎದೆಯ ಕೆಳಗೆ. ಬೆರಳಿಗೆ ಬೆರಳು ಮುಟ್ಟಲಿಲ್ಲ. "ಅತ್ತಿಗೆ, ಇದು ಈಗ ನರಿಯ ಬಿಲಕ್ಕೆ ನುಗ್ಗಿದ್ರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ" ಎಂದ. ನಮ್ಮ ಓಣಿಯಲ್ಲಿ ನರಿಯ ಬಿಲ ಎಲ್ಲಿಂದ ಬಂತಪ್ಪಾ ಎಂದೆ. ಆಗ ಅವನು ಒಂದಿಷ್ಟು ಕಾಗದ ಓದಲು ಕೊಟ್ಟ.

ಈ ತಳಿಯ ಕಥೆ ಇಂಗ್ಲೆಂಡಿನದು. ಜಾನ್ ರಸೆಲ್ ಎಂಬಾತ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲಿನವನೊಬ್ಬನಿಂದ ಟ್ರಂಪ್ ಎಂಬ ಬಿಳಿ ಹೆಣ್ಣುನಾಯಿಯನ್ನು ಕೊಂಡನಂತೆ. ಮುಂದೆ ಡೆವನ್ ಸೀಮೆಯಲ್ಲಿ ಪಾದ್ರಿಯಾದರೂ ಬೇಟೆಯ ಹುಚ್ಚು ಬಿಡಲಿಲ್ಲ. ದೊಡ್ಡ ನಾಯಿಗಳು ಅಟ್ಟಿದ ನರಿ ಬಿಲ ಸೇರಿದರೆ, ಪುಟ್ಟ ಟೆರಿಯರ್ ಒಳಗೆ ನುಗ್ಗಿ ಬೊಗಳಿ ಅದನ್ನು ಹೊರಗೆ ಓಡಿಸಬೇಕು. ಟೆರಿಯರ್ ಎಂಬ ಹೆಸರಿನ ಮೂಲವೇ ಭೂಮಿ ಎಂಬರ್ಥದ ಲ್ಯಾಟಿನ್ ಪದ. ನರಿ ತೂರುವ ಕಡೆ ನಾಯಿಯೂ ತೂರಬೇಕಲ್ಲ, ಅದಕ್ಕೇ ಎದೆಯ ಮೇಲೆ ಇಷ್ಟು ಕಣ್ಣು. ನಾಯಿಹಿಂಡು ಬಿಟ್ಟು ನರಿ ಬೇಟೆಯಾಡುವುದಕ್ಕೆ ಅಲ್ಲಿ 2005ರಿಂದ ಕಾನೂನಿನ ತಡೆ ಇದೆ. ಅಳತೆ ಮಾತ್ರ ಹಾಗೇ ಉಳಿದಿದೆ.

ಬೆಲ್ಜಿಯಂನಲ್ಲಿರುವ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ನಿಯಮ ಹೀಗಿದೆ: ಎತ್ತರ 25ರಿಂದ 30 ಸೆಂಟಿಮೀಟರ್. ಪ್ರತಿ 5 ಸೆಂಟಿಮೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ತೂಕ, ಅಂದರೆ 30ರ ನಾಯಿಗೆ 6 ಕಿಲೋ. ಮೈ ಎತ್ತರಕ್ಕಿಂತ ಉದ್ದ. ಎದೆ ಅಗಲವಾಗಿರುವುದಕ್ಕಿಂತ ಆಳವಾಗಿರಬೇಕು, ಪಕ್ಕೆಲುಬು ಇಬ್ಬದಿಗೆ ತುಸು ಚಪ್ಪಟೆ. ಮುಂಗಾಲಿನ ಹಿಂದೆ ಸುತ್ತಳತೆ 40ರಿಂದ 43 ಸೆಂಟಿಮೀಟರ್, ಎರಡು ಕೈಯಲ್ಲಿ ಹಿಡಿಯುವಷ್ಟು. ಕಣ್ಣು ಬಾದಾಮಿಯಂತೆ, ಕಡುಬಣ್ಣದ್ದು. ಬಿಳಿಯೇ ಹೆಚ್ಚಿರಬೇಕು, ಮಚ್ಚೆ ಕಪ್ಪೋ ಕಂದೋ. ಕೂದಲು ನುಣುಪಾಗಿದ್ದರೂ ಸರಿ, ಒರಟಾಗಿದ್ದರೂ ಸರಿ.

ನಾನು ರವಿಕೆ ಅಳೆಯುವ ಟೇಪು ತಂದು ಪಿಂಟುವಿಗೆ ಸುತ್ತಿದೆ. 48! ತೂಕ 8 ಕಿಲೋ! ನಾಚಿಕೆಯಾಯಿತು ಕಣ್ರೀ. ನಾನು ಬಡಕಲು ಎಂದು ಮರುಗಿದ್ದು ಅದರ ಸರಿಯಾದ ಮೈಕಟ್ಟಾಗಿತ್ತು. ಮೆಟ್ಟಿಲು ಹತ್ತುವಾಗ ಅದು ಏದುಸಿರು ಬಿಡುತ್ತಿದ್ದುದನ್ನು ನಾನೇ ಕಂಡಿದ್ದೆ. ವಯಸ್ಸಾಯ್ತೇನೋ ಅಂದುಕೊಂಡು ಇನ್ನೊಂದು ಬಿಸ್ಕತ್ತು ಕೊಟ್ಟಿದ್ದೆ.

ಇನ್ನೊಂದು ನಿಯಮ ಓದಿ ಕಾಗದ ಕೆಳಗಿಟ್ಟೆ. ಗ್ರೇಟ್ ಬ್ರಿಟನ್ನಿನ ಜಾಕ್ ರಸೆಲ್ ಟೆರಿಯರ್ ಕ್ಲಬ್ಬು 1974ರಲ್ಲಿ ಹುಟ್ಟಿದ್ದು. ಅದರ ಪ್ರಕಾರ, ದುಡಿಮೆಯಲ್ಲೋ ಅಪಘಾತದಲ್ಲೋ ಆದ ಹಳೆಯ ಗಾಯದ ಕಲೆಗಳನ್ನು ಪ್ರದರ್ಶನದಲ್ಲಿ ಕುಂದೆಂದು ಎಣಿಸುವಂತಿಲ್ಲ. ನಡೆಯುವುದಕ್ಕೆ, ಕೆಲಸಕ್ಕೆ ಅಡ್ಡಿಯಾಗದಿದ್ದರೆ ಸಾಕು. ನನ್ನ ತಂಗಿ ಹದಿನಾರರಲ್ಲಿ ಅನ್ನದ ಗಂಜಿ ಬಸಿಯುವಾಗ ಮುಂಗೈ ಸುಟ್ಟುಕೊಂಡವಳು. ನೋಡಲು ಬಂದ ಒಂದು ಮನೆಯವರು ಕಾಫಿ ಲೋಟ ತೆಗೆದುಕೊಳ್ಳುವಾಗಲೇ ಆ ಕಲೆ ನೋಡಿದರು. ಉಪ್ಪಿಟ್ಟು ಮುಗಿಸಿ ಎದ್ದುಹೋದವರು ಮತ್ತೆ ತಿಳಿಸಲೇ ಇಲ್ಲ. ಅವರಿಗೆ ಈ ನಾಯಿಗಳ ನಿಯಮ ಓದಿಸಬೇಕಿತ್ತು.

ಇರಲಿ. ನಿಮ್ಮ ಮನೆಯಲ್ಲಿ ಇಂಥ ನಾಯಿಯಿದ್ದರೆ ಒಮ್ಮೆ ಕೈಬಳಸಿ ನೋಡಿ. ಹಿಚುಕಬೇಡಿ, ಮೆಲ್ಲಗೆ. ನನ್ನಂತೆ ಕೈ ಚಿಕ್ಕದಿದ್ದರೆ ಟೇಪೇ ವಾಸಿ. ಪಶುವೈದ್ಯರು ಹೇಳಿದಂತೆ ತುಪ್ಪ, ಬಿಸ್ಕತ್ತು ನಿಲ್ಲಿಸಿ, ಊಟ ಅಳೆದು ಹಾಕುತ್ತಿದ್ದೇನೆ. ಮೈಯಿಳಿಯುವವರೆಗೆ ಪಿಂಟು ಇಲ್ಲೇ ಇರಲಿ ಎಂದು ಮೈದುನನಿಗೆ ನಾನೇ ಹೇಳಿದ್ದೇನೆ. ಕೆಡಿಸಿದವಳು ನಾನು ತಾನೆ? ಬೆಳಿಗ್ಗೆ ಸಂಜೆ ಕೆರೆ ಏರಿಯ ಮೇಲೆ ಇಬ್ಬರೂ ನಡೆಯುತ್ತೇವೆ. ನಿನ್ನೆ ಅಳೆದಾಗ 46 ಇತ್ತು.