ಕೋಡ್ ಒಂದೇ ಆದ್ರೆ ಮಿದುಳೂ ಒಂದೇನಾ?

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ ಫೋನ್ ಮುಂದೆ ಹಿಡಿದ. 'ಮನುಷ್ಯರ ಮಿದುಳಿನ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ಮಾಡ್ತಾರಂತೆ ಗುರು! ಮರೆವಿನ ಕಾಯಿಲೆಗೆ ಇನ್ನೇನು ಔಷಧ ಬಂದ ಹಾಗೇ. ಡಿಎನ್‌ಎ ಅಂದ್ರೆ ಕೋಡ್ ತಾನೇ? ಕಾಪಿ, ಪೇಸ್ಟ್, ರನ್!' ಎಲ್ಲರೂ ತಲೆಯಾಡಿಸಿದರು. ನನಗೆ ಮಾತ್ರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಊರಲ್ಲಿ ನಮ್ಮಜ್ಜಿ ನನ್ನನ್ನೇ 'ಯಾರ ಮನೆ ಹುಡುಗನಪ್ಪಾ ನೀನು?' ಅಂತ ಕೇಳೋಕೆ ಶುರುಮಾಡಿ ಎರಡು ವರ್ಷವಾಯ್ತು.

ಸುದ್ದಿ ಸುಳ್ಳಲ್ಲ. ಆ ಪ್ರೋಟೀನಿನ ಹೆಸರು ಟೌ. 1975ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪತ್ತೆಯಾದದ್ದು. ನರಕೋಶದೊಳಗೆ ಸರಕು ಸಾಗುವ ಹಳಿಗಳನ್ನು ಬಿಗಿಯಾಗಿ ಹಿಡಿಯುವುದು ಇದರ ಕೆಲಸ. ಆಲ್ಜೈಮರ್ಸ್‌ನಲ್ಲಿ ಇದೇ ಟೌ ಹಳಿ ಬಿಟ್ಟು ಗಂಟುಗಂಟಾಗಿ ಸುತ್ತಿಕೊಳ್ಳುತ್ತೆ. ಲ್ಯಾಬಿಗೆ ಬೇಕಾದಾಗ ಮನುಷ್ಯರ ಟೌ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸ್ತಾರೆ, ಒಡೆದು ಕುದಿಸ್ತಾರೆ. ಬೇರೆ ಪ್ರೋಟೀನುಗಳೆಲ್ಲ ಒಡೆದ ಹಾಲಿನ ಹಾಗೆ ಗರಣೆಗಟ್ಟಿದರೆ, ಟೌ ಕರಗಿಯೇ ಉಳಿಯುತ್ತೆ. ಅತಿ ಉದ್ದದ ರೂಪದಲ್ಲಿ 441 ಅಮೈನೋ ಆಮ್ಲ. ಟ್ಯೂಬಿನ ಮೇಲೆ 'ಸಂಶೋಧನೆಗೆ ಮಾತ್ರ' ಅಂತ ಚೀಟಿ.

ಆ ಚೀಟಿಯನ್ನು ಯಾರೂ ಓದಲ್ಲ ನೋಡಿ, ಅದೇ ನನ್ನ ತಕರಾರು.

ನಮ್ಮ ನರಕೋಶ ಟೌ ಮೇಲೆ ಫಾಸ್ಫೇಟ್ ಅಂಟಿಸುತ್ತೆ. ಕಾಯಿಲೆಯಲ್ಲಂತೂ ವಿಪರೀತ ಅಂಟಿಸುತ್ತೆ. ಬ್ಯಾಕ್ಟೀರಿಯಾ ಆ ಕೆಲಸ ಮಾಡಲ್ಲ. 1996ರಲ್ಲಿ ವಿಜ್ಞಾನಿಗಳು ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬೆರೆಸಿ, ಟ್ಯೂಬಿನ ಟೌ ಎಳೆಎಳೆಯಾಗುವಂತೆ ಮಾಡಿದರು. ವರ್ಷಗಟ್ಟಲೆ ಎಷ್ಟೋ ಪ್ರಯೋಗ ಈ ಎಳೆಗಳ ಮೇಲೇ ನಡೆದವು. 2019ರಲ್ಲಿ ಕೇಂಬ್ರಿಜ್‌ನವರು ಅವುಗಳ ಆಕಾರ ಸೂಕ್ಷ್ಮವಾಗಿ ನೋಡಿದರೆ, ಆಲ್ಜೈಮರ್ಸ್ ರೋಗಿಗಳ ಮಿದುಳಿನ ಎಳೆಗಳೇ ಬೇರೆ, ಇವೇ ಬೇರೆ! ಅದೇ ರಾಗಿಹಿಟ್ಟು, ಒಂದು ಕಡೆ ಮುದ್ದೆ, ಇನ್ನೊಂದು ಕಡೆ ರೊಟ್ಟಿ. ಟೌನ ಒಂದು ತುಂಡನ್ನಷ್ಟೇ ತಗೊಂಡು, ಹೆಪಾರಿನ್ ಬಿಟ್ಟು, ಮಿದುಳಿನಲ್ಲಿರುವಂಥದೇ ಎಳೆ ತಯಾರಿಸಿದ್ದು ವರದಿಯಾಗಿದ್ದು 2022ರಲ್ಲಿ. ಅದೂ ಔಷಧವಲ್ಲ, ಔಷಧ ಹುಡುಕೋಕೆ ಸಿಕ್ಕ ಒಳ್ಳೆ ಸಲಕರಣೆ. 'ನನ್ನ ಮಷೀನಲ್ಲಿ ಓಡ್ತಿದೆ' ಅಂದವನನ್ನು ಆಡಿಕೊಂಡು ನಗುವ ನಾವೇ ಇಲ್ಲಿ ಟ್ಯೂಬ್ ನೋಡಿ ಮಿದುಳು ಗೆದ್ದೆವು ಅಂತೀವಲ್ಲ!

'ಇನ್ಸುಲಿನ್ ಹೀಗೇ ಬಂತಲ್ವಾ?' ಅಂತೀರಿ. ಹೌದು, 1982ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಆದರೆ ಅಲ್ಲಿ ಕಮ್ಮಿಯಾದದ್ದನ್ನು ತುಂಬಿಸಿದರೆ ಕೆಲಸವಾಗುತ್ತೆ. ಅಜ್ಜಿಗೆ ಟೌ ಕಮ್ಮಿಯಾಗಿಲ್ಲ ಸ್ವಾಮಿ, ಇರೋದೇ ಕೆಟ್ಟಿದೆ.

ಇಷ್ಟು ಸಿಟ್ಟು ಯಾಕೆ ಅಂದ್ರೆ, ತಪ್ಪು ನಂದೂ ಇದೆ. ಹೋದ ವರ್ಷ ಇಂಥದೇ ಒಂದು ಸುದ್ದಿಯನ್ನು 'ಒಳ್ಳೆ ಕಾಲ ಬಂತು' ಅಂತ ಬರೆದು ಮನೆಯವರ ಗ್ರೂಪಿಗೆ ಹಾಕಿದ್ದೆ. ಚಿಕ್ಕಪ್ಪ ಅದನ್ನೇ ನಂಬಿ, 'ಮಿದುಳಿಗೆ ಪ್ರೋಟೀನ್' ಅಂತ ಬರೆದಿದ್ದ ದುಬಾರಿ ಪುಡಿ ಡಬ್ಬ ತರಿಸಿದ. ಯಾಕಪ್ಪಾ ಅಂದ್ರೆ, 'ನೀನೇ ಹೇಳಿದ್ಯಲ್ಲೋ, ಇಂಜಿನಿಯರು!' ಅಂದ. ಆ ತಿಂಗಳು ಅಜ್ಜಿಯನ್ನು ನರರೋಗದ ಡಾಕ್ಟರ ಹತ್ತಿರ ಕರಕೊಂಡು ಹೋಗೋಕೆ ಎತ್ತಿಟ್ಟಿದ್ದ ದುಡ್ಡು ಅದು.

ಊರಲ್ಲಿ ನಮ್ಮ ಮಾತಿಗೆ ಬೆಲೆ ಇದೆ. ಆ ಬೆಲೆಯನ್ನು ಕೊನೆಗೆ ಕಟ್ಟೋರು ಅವರು. ಫಾರ್ವರ್ಡ್ ಒತ್ತೋ ಮುಂಚೆ ಚೀಟಿ ಓದ್ರಪ್ಪಾ.